ಗಂಟಲು ಕಳೆದವರ ಮಾತಿನ ಚರಿತ್ರೆ

ಶಬ್ದವು ಮನುಷ್ಯನ ಒಡಲಿನಲ್ಲಿ ಎಲ್ಲಿ ಹುಟ್ಟುತ್ತದೆ, ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಒಂದು ಉತ್ತರವನ್ನು ಕೊಟ್ಟಿದ್ದಾನೆ. ಜೀವಕ್ಕೆ ನುಡಿಯಬೇಕೆಂಬ ಇಚ್ಛೆ ಉಂಟಾಗಬೇಕು. ಅದಕ್ಕೆ ಅನುಕೂಲವಾಗಿ ಒಳಗಿನ ಗಾಳಿ ಒದಗಬೇಕು. ಆಗ ನಾಭಿಯ ಬುಡದಿಂದ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಮೇಲೇಳುತ್ತದೆ, ಅದರ ಬಣ್ಣ ಬಿಳಿದು ಎಂಬುದು ಅವನ ಅಭಿಪ್ರಾಯದ ಸಾರ. ದೇಹವೇ ವಾದ್ಯ, ನಾಲಗೆಯೇ ಅದನ್ನು ಬಾರಿಸುವ ಕೋಲು ಎಂದೂ ಅವನು ಮುಂದುವರಿಸುತ್ತಾನೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಸೂತ್ರಗಳನ್ನು ನಾನು ಎಂ.ಎ. ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ಬಿಳಿಯ ಬಣ್ಣದ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಕಹಳೆಯ ಹೋಲಿಕೆ ನಗುವ ಸಂಗತಿಯಲ್ಲವೆಂಬುದು ಗಂಟಲನ್ನೇ ಕಳೆದುಕೊಂಡ ಜನರ ಮಾತನ್ನು ಕೇಳಿದಾಗ ಮನದಟ್ಟಾಗುತ್ತದೆ.

ವೈದ್ಯಶಾಸ್ತ್ರವು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಶ್ವಾಸಕೋಶದ ಗಾಳಿ ಊದುವ ಬಾಯಿ. ಗಂಟಲಿನ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆಯೊಳಗಿನ ಎರಡು ತಂತುಗಳು ಕಂಪಿಸುವ ನಾಲಗೆ. ಬಾಯಿ, ಮೂಗು, ತುಟಿ, ಹಲ್ಲುಗಳು ಆ ಕಂಪನವನ್ನು ಅಕ್ಷರವಾಗಿ ಕಡೆಯುವ ಸಾಧನಗಳು. ಧ್ವನಿಪೆಟ್ಟಿಗೆಗೆ ಅರ್ಬುದರೋಗ ತಗುಲಿ ಅದು ಬಲಿತಾಗ, ಜೀವ ಉಳಿಸುವುದಕ್ಕಾಗಿ ವೈದ್ಯರು ಇಡೀ ಪೆಟ್ಟಿಗೆಯನ್ನು ತೆಗೆದುಹಾಕಬೇಕಾಗುತ್ತದೆ. ಆಮೇಲೆ ಶ್ವಾಸನಾಳದ ಮೇಲ್ತುದಿಯನ್ನು ಕುತ್ತಿಗೆಯ ಬುಡದಲ್ಲಿ, ಚರ್ಮಕ್ಕೆ ಹೊಲಿದು, ಒಂದು ರಂಧ್ರವನ್ನಾಗಿ ಉಳಿಸುತ್ತಾರೆ. ಅಂದಿನಿಂದ ಆ ಮನುಷ್ಯನು ಉಸಿರಾಡುವುದು ಮೂಗಿನಿಂದಲ್ಲ, ಕುತ್ತಿಗೆಯಿಂದ. ನುಡಿಯುವ ಇಚ್ಛೆ ಇದೆ, ಗಾಳಿ ಇದೆ, ನಾಲಗೆಯೂ ಇದೆ. ಆದರೆ ಗಾಳಿಗೂ ನಾಲಗೆಗೂ ನಡುವಣ ದಾರಿ ಕಡಿದುಹೋಗಿದೆ. ಈ ಕಡಿದ ದಾರಿಯನ್ನು ಮತ್ತೆ ಕೂಡಿಸಲು ಮನುಷ್ಯನು ನೂರೈವತ್ತು ವರ್ಷಗಳಿಂದ ಮಾಡುತ್ತ ಬಂದಿರುವ ಪ್ರಯತ್ನಗಳ ಕಥೆಯನ್ನು ನಾನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಕನ್ನಡದ ಮೇಷ್ಟರಿಗೆ ಈ ಕಥೆಯ ಗೊಡವೆ ಏಕೆಂದು ಕೆಲವರು ಕೇಳಿಯಾರು. ಬೆಳಗಾವಿ ಜಿಲ್ಲೆಯ ವಾಯವ್ಯ ಮೂಲೆ ತಂಬಾಕಿನ ಸೀಮೆ. ನಿಪ್ಪಾಣಿಯ ಸುತ್ತಲಿನ ಬೀಡಿ ತಂಬಾಕು ದೇಶಕ್ಕೆಲ್ಲ ಗೊತ್ತು. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಎಷ್ಟೋ ಕುಟುಂಬಗಳಿಗೆ ನಿಪ್ಪಾಣಿಯ ವಖಾರಿಗಳು ಹೊಟ್ಟೆಯ ದಾರಿಯಾಗಿದ್ದವು. 1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಬೇಕೆಂದು ಶರದ ಜೋಶಿಯವರ ನೇತೃತ್ವದಲ್ಲಿ ರೈತರು ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲ್ 6ರಂದು ಗೋಲಿಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ವಖಾರಿಗಳಲ್ಲಿ ದಿನವಿಡೀ ತಂಬಾಕಿನ ಧೂಳನ್ನು ಉಸಿರಾಡುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ್ದೂ ಆ ಕಾಲದಲ್ಲಿಯೇ. ಅವರನ್ನು ಕುರಿತು 1982ರಲ್ಲಿ ಒಂದು ಚಲನಚಿತ್ರವೂ ತಯಾರಾಯಿತು. ಬೆಲೆಯ ಮಾತು ಆಯಿತು, ಕೂಲಿಯ ಮಾತೂ ಆಯಿತು. ಗಂಟಲಿನ ಮಾತು ಮಾತ್ರ ಆ ದಿನಗಳ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಂತೆ ತೋರುವುದಿಲ್ಲ. ಧ್ವನಿಪೆಟ್ಟಿಗೆಯ ಅರ್ಬುದಕ್ಕೆ ತಂಬಾಕಿನ ಹೊಗೆಯೇ ಬಲವಾದ ಕಾರಣ. ಹೊಗೆಯೊಡನೆ ಸಾರಾಯಿಯೂ ಕೂಡಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಚರಿತ್ರೆಗೆ ಬರೋಣ. 1870ರ ಸುಮಾರಿಗೆ ವಿಯೆನ್ನಾ ನಗರದಲ್ಲಿ ಥಿಯೋಡೋರ್ ಬಿಲ್‌ರೋಥ್ ಎಂಬ ಶಸ್ತ್ರವೈದ್ಯನಿದ್ದನು. ಸಂಗೀತಜ್ಞ ಬ್ರಾಹ್ಮ್ಸನ ಆಪ್ತಮಿತ್ರ, ಸ್ವತಃ ಪಿಯಾನೋ ನುಡಿಸಬಲ್ಲವನು. ಅವನ ಸಹಾಯಕನಾದ ಚೆರ್ನಿ ಎಂಬಾತನು ಧ್ವನಿಪೆಟ್ಟಿಗೆಯನ್ನು ತೆಗೆದರೂ ಪ್ರಾಣಿ ಬದುಕಬಲ್ಲುದೆಂದು ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದನು. 1873ನೆಯ ಇಸವಿಯ ಕಡೆಯ ದಿನ, ಡಿಸೆಂಬರ್ 31ರಂದು, ಬಿಲ್‌ರೋಥನು 36 ವರ್ಷ ವಯಸ್ಸಿನ ಒಬ್ಬ ಧರ್ಮಬೋಧಕನ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದುಹಾಕಿದನು. ಅರ್ಬುದಕ್ಕಾಗಿ ಮನುಷ್ಯನ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ತೆಗೆದ ಮೊದಲ ಶಸ್ತ್ರಕ್ರಿಯೆ ಇದೆಂದು ಎಲ್ಲರೂ ಒಪ್ಪುತ್ತಾರೆ. ಮಾತೇ ಕಸುಬಾಗಿದ್ದ ಮನುಷ್ಯನ ಗಂಟಲನ್ನು ತೆಗೆದದ್ದು, ಅದನ್ನು ತೆಗೆದವನು ಸಂಗೀತವನ್ನು ಬಲ್ಲವನಾಗಿದ್ದದ್ದು, ಕಥೆಗಾರನೊಬ್ಬ ಕಟ್ಟಿದ್ದರೆ ಅತಿಯಾಯಿತೆನ್ನಬಹುದಾದ ಸನ್ನಿವೇಶ.

ಆ ಬೋಧಕನು ಮೂಕನಾಗಿ ಉಳಿಯಲಿಲ್ಲ ಎಂಬುದು ಇನ್ನೂ ದೊಡ್ಡ ಸಂಗತಿ. ಬಿಲ್‌ರೋಥನ ಇನ್ನೊಬ್ಬ ಸಹಾಯಕನಾದ ಕಾರ್ಲ್ ಗುಸೆನ್‌ಬವರ್ ಲೋಹದ ಒಂದು ಕೃತಕ ಧ್ವನಿಪೆಟ್ಟಿಗೆಯನ್ನು ರೂಪಿಸಿದನು; 1874ರಲ್ಲಿ ಅದರ ವರದಿಯನ್ನೂ ಪ್ರಕಟಿಸಿದನು. ನಳಿಗೆಯ ಒಂದು ಭಾಗ ಶ್ವಾಸನಾಳಕ್ಕೆ, ಇನ್ನೊಂದು ಭಾಗ ಗಂಟಲಿನ ಕಡೆಗೆ. ನಡುವೆ ಕಂಪಿಸುವ ಲೋಹದ ಪಟ್ಟಿ. ನಮ್ಮ ಭಜನೆಯ ಪೇಟಿಯಲ್ಲಿ ಗಾಳಿಗೆ ನಡುಗಿ ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿಯ ಜಾತಿಗೇ ಸೇರಿದ್ದು. ರೋಗಿಯು ಒಂದೇ ಸ್ವರದಲ್ಲಾದರೂ ಸ್ಪಷ್ಟವಾಗಿ ಮಾತನಾಡಿದನು. ಆದರೆ ತೊಡಕುಗಳ ಚರಿತ್ರೆಯೂ ಆ ದಿನವೇ ಮೊದಲಾಯಿತು. ಗಂಟಲಿಗೂ ಶ್ವಾಸನಾಳಕ್ಕೂ ದಾರಿ ತೆರೆದಿಟ್ಟ ಮೇಲೆ ಗಾಳಿ ಮೇಲೆ ಹೋದಂತೆ ನೀರು, ಅನ್ನ, ಉಗುಳು ಕೆಳಗೆ ಇಳಿಯದೆ ಬಿಡುತ್ತವೆಯೆ? ಮಾತಿಗೆ ಬಾಗಿಲು ತೆರೆದರೆ ಊಟವೂ ಅದೇ ಬಾಗಿಲಿನಿಂದ ನುಗ್ಗುತ್ತದೆ. ಬಾಗಿಲು ಮುಚ್ಚಿದರೆ ಜೀವಕ್ಕೆ ಕ್ಷೇಮ, ಮಾತಿಲ್ಲ. ಮುಂದಿನ ನೂರು ವರ್ಷ ವೈದ್ಯರು ಸೆಣಸಾಡಿದ್ದೆಲ್ಲ ಈ ಒಂದು ಇಕ್ಕಟ್ಟಿನೊಡನೆ. ವಿಯೆನ್ನಾದ ಆ ರೋಗಿ ಕೆಲವೇ ತಿಂಗಳುಗಳಲ್ಲಿ ರೋಗ ಮರುಕಳಿಸಿ ತೀರಿಕೊಂಡನು.

ಈ ಶಸ್ತ್ರಕ್ರಿಯೆಯ ಭಯ ಎಷ್ಟಿತ್ತೆಂಬುದಕ್ಕೆ ಜರ್ಮನಿಯ ಯುವರಾಜ ಫ್ರೆಡರಿಕನ ಕಥೆ ಸಾಕು. 1887ರಲ್ಲಿ ಅವನ ದನಿ ಒಡೆಯಿತು. ಜರ್ಮನ್ ವೈದ್ಯರು ಅರ್ಬುದವೆಂದು ಶಸ್ತ್ರಕ್ಕೆ ಅಣಿಯಾದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿಯು ಗಂಟಲಿನ ಚೂರನ್ನು ತೆಗೆದು ವಿರ್ಖೋವನ ಪರೀಕ್ಷೆಗೆ ಕಳಿಸಿದನು. ಆ ಮಹಾವಿಜ್ಞಾನಿಗೆ ಚೂರಿನಲ್ಲಿ ಅರ್ಬುದ ಕಾಣಲಿಲ್ಲ. ಕಾಲ ಜಾರಿತು. 1888ರ ಫೆಬ್ರುವರಿಯಲ್ಲಿ ಉಸಿರಿಗಾಗಿ ಅವನ ಕುತ್ತಿಗೆಯನ್ನು ಕೊರೆಯಬೇಕಾಯಿತು. ಮಾರ್ಚಿಯಲ್ಲಿ ಅವನು ಮಾತಿಲ್ಲದ ಚಕ್ರವರ್ತಿಯಾಗಿ ಪಟ್ಟಕ್ಕೆ ಬಂದನು. ಚೀಟಿಗಳ ಮೇಲೆ ಬರೆದು ರಾಜ್ಯವಾಳಿದನು. 99 ದಿನಗಳ ಮೇಲೆ, ಜೂನ್ 15ರಂದು, ತೀರಿಕೊಂಡನು. ಅವನು ಬದುಕಿದ್ದರೆ ಯುರೋಪಿನ ಚರಿತ್ರೆ ಬೇರೆಯಾಗುತ್ತಿತ್ತೆಂದು ಬರೆಯುವವರಿದ್ದಾರೆ. ಆ ಊಹೆ ನನಗೆ ಬೇಡ. ಸಾಮ್ರಾಟನಿಗೂ ಆ ಕಾಲದಲ್ಲಿ ಚೀಟಿಯೇ ಗತಿಯಾಗಿತ್ತು ಎಂಬುದಷ್ಟೇ ನನಗೆ ಮುಖ್ಯ.

ಮುಂದೆ ಬರ್ಲಿನಿನ ಗ್ಲುಕ್ ಮೊದಲಾದವರು ಶ್ವಾಸನಾಳವನ್ನು ಚರ್ಮಕ್ಕೆ ಹೊಲಿದು ಊಟದ ದಾರಿಯನ್ನೂ ಉಸಿರಿನ ದಾರಿಯನ್ನೂ ಪೂರ್ತಿ ಬೇರ್ಪಡಿಸಿದರು. ರೋಗಿಗಳು ಬದುಕತೊಡಗಿದರು; ಆದರೆ ಮೂಕರಾಗಿ. ಇವರಿಗೆ ಎರಡು ಉಪಾಯಗಳು ಉಳಿದವು. ಒಂದು ತೇಗಿನ ಮಾತು: ಗಾಳಿಯನ್ನು ಅನ್ನನಾಳಕ್ಕೆ ನುಂಗಿ, ತೇಗಿನಂತೆ ಹೊರತಂದು, ಅದನ್ನೇ ಅಕ್ಷರವನ್ನಾಗಿ ತಿದ್ದುವುದು. ಕಾಸು ಬೇಡದ ವಿದ್ಯೆ. ಆದರೆ ಕಲಿಯಲು ತಿಂಗಳುಗಟ್ಟಲೆ ಬೇಕು, ಕಲಿಯಲಾರದವರೇ ಬಹಳ. ಇನ್ನೊಂದು, ಕುತ್ತಿಗೆಗೆ ಒತ್ತಿ ಹಿಡಿಯುವ ವಿದ್ಯುತ್ ಯಂತ್ರ. 1960ರ ಹೊತ್ತಿಗೆ ಅಮೆರಿಕದ ಬೆಲ್ ದೂರವಾಣಿ ಪ್ರಯೋಗಶಾಲೆಯವರು ಇದರ ಕೈಗೆಟುಕುವ ರೂಪವನ್ನು ತಂದರು. ಮಾತು ಬರುತ್ತದೆ, ಆದರೆ ಡಬ್ಬಿಯೊಳಗಿನ ಜೀರುಂಡೆ ಮಾತಾಡಿದಂತೆ. ನಮ್ಮ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥವರಿಗೆ ಮಾತು ಕಲಿಸುವವರನ್ನು ತಯಾರು ಮಾಡತೊಡಗಿತು. ಗಂಟಲು ಕಳೆದ ಕನ್ನಡಿಗರ ಉಚ್ಚಾರಣೆಯನ್ನು ಅಳೆದು ತೂಗಿ ಅಲ್ಲಿ ಪ್ರಬಂಧಗಳೂ ಹುಟ್ಟಿವೆ. ಕನ್ನಡ ಧ್ವನಿಶಾಸ್ತ್ರದ ವಿದ್ಯಾರ್ಥಿಗಳು ಅವುಗಳ ಕಡೆಗೆ ಕಣ್ಣು ಹಾಯಿಸಿದ್ದು ಕಡಿಮೆ. ವೈದ್ಯರಿಗೂ ಸಾಹಿತ್ಯದವರಿಗೂ ಒಂದೇ ಊರಿನಲ್ಲಿ ಎರಡು ಬಾವಿ.

ಕಡಿದ ದಾರಿಯನ್ನು ಮತ್ತೆ ತೆರೆಯುವ ಯೋಚನೆ ಬಂದದ್ದು ಒಬ್ಬ ವೈದ್ಯನಿಂದಲ್ಲ, ರೋಗಿಯಿಂದ. ಷಿಕಾಗೋದ ಗುಟ್‌ಮನ್ ಎಂಬ ವೈದ್ಯ 1932ರಲ್ಲಿ ಪ್ರಕಟಿಸಿದ ವೃತ್ತಾಂತವಿದು. ಗಂಟಲು ಕಳೆದ ಒಬ್ಬ ಮನುಷ್ಯನು ಮಂಜುಗಡ್ಡೆ ಒಡೆಯುವ ದಬ್ಬಳವನ್ನು ಕಾಯಿಸಿ, ಕುತ್ತಿಗೆಯ ರಂಧ್ರದೊಳಗಿಂದ ಶ್ವಾಸನಾಳದ ಹಿಂಗೋಡೆಯನ್ನು ತಾನೇ ಚುಚ್ಚಿಕೊಂಡನಂತೆ. ಶ್ವಾಸನಾಳಕ್ಕೂ ಅದರ ಬೆನ್ನಿಗಿರುವ ಅನ್ನನಾಳಕ್ಕೂ ಎರಡು ಮನೆಗಳ ನಡುವಿನ ಒಂದೇ ಗೋಡೆಯಂತೆ ತೆಳುವಾದ ಒಂದು ತಡೆ. ಅದರಲ್ಲಿ ತೂತು ಬಿತ್ತು. ಅವನು ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟಾಗ ಗಾಳಿ ಆ ತೂತಿನಿಂದ ಅನ್ನನಾಳಕ್ಕೆ ಹೊಕ್ಕು ಮೇಲೇರಿ ಗಂಟಲಿನ ಮಾಂಸವನ್ನು ನಡುಗಿಸಿತು, ಮಾತು ಬಂತು. ಹತಾಶೆ ಎಷ್ಟಿದ್ದರೆ ಮನುಷ್ಯ ಕಾದ ದಬ್ಬಳವನ್ನು ತನ್ನ ಉಸಿರಿನ ದಾರಿಗೇ ಇಳಿಸಿಯಾನು!

ಆಮೇಲಿನ ನಾಲ್ಕು ದಶಕ ಜಪಾನಿನ ಅಸಾಯಿ, ಇಟಲಿಯ ಸ್ಟಾಫಿಯೇರಿ ಮುಂತಾದವರು ದೇಹದ ಸ್ವಂತ ಮಾಂಸ ಚರ್ಮಗಳಿಂದಲೇ ಈ ದಾರಿಯನ್ನು ಕಟ್ಟಲು ನೋಡಿದರು. ಮಾತೇನೋ ಬಂತು, ಆದರೆ ನೀರು ಸೋರುವುದು ತಪ್ಪಲಿಲ್ಲ. ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಒಂದೇ ಮುಖದ ಕವಾಟವನ್ನು ಆ ತೂತಿಗೆ ಕೂಡಿಸಬೇಕೆಂದು ಹೊಳೆದು ಅದನ್ನು 1972ರಲ್ಲಿ ಕಾರ್ಯಗತ ಮಾಡಿದವನು ಪೋಲೆಂಡಿನ ಷೆಚಿನ್ ನಗರದ ಮೊಜೊಲೆವ್‌ಸ್ಕಿ. ಅವನು ತನ್ನ ವರದಿಯನ್ನು ಪೋಲಿಷ್ ಭಾಷೆಯಲ್ಲಿ ಬರೆದನು. ಆದ್ದರಿಂದ ಲೋಕ ಅದನ್ನು ಬೇಗ ಓದಲಿಲ್ಲ. ಸಣ್ಣ ಭಾಷೆಗಳಲ್ಲಿ ದೊಡ್ಡ ವಿಷಯ ಬರೆದವರ ಪಾಡು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೀರ್ತಿ ಹೋದದ್ದು ಅಮೆರಿಕದ ಇಂಡಿಯಾನಾಪೊಲಿಸಿನ ಇಬ್ಬರಿಗೆ. ಸಿಂಗರ್ ಶಸ್ತ್ರವೈದ್ಯ, ಬ್ಲೋಮ್ ಮಾತು ಕಲಿಸುವವನು. 1980ರಲ್ಲಿ ಪ್ರಕಟವಾದ ಇವರ ಲೇಖನವು ಸುಲಭವಾದ ಚುಚ್ಚುವ ಕ್ರಮವನ್ನೂ, ಬಾತುಕೋಳಿಯ ಕೊಕ್ಕಿನಂತೆ ಸೀಳಿದ ತುದಿಯ ಸಿಲಿಕೋನ್ ಕವಾಟವನ್ನೂ ಲೋಕಕ್ಕೆ ಕೊಟ್ಟಿತು. ಅದೇ ಸುಮಾರಿಗೆ ಹಾಲೆಂಡಿನ ಗ್ರೋನಿಂಗೆನ್ ಊರಿನಲ್ಲಿ ಅಂಗಿಯ ಗುಂಡಿಯಂತಹ ಇನ್ನೊಂದು ಕವಾಟ ಬಂತು; 1990ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹಿಲ್ಗರ್ಸ್ ಮತ್ತು ಸ್ಕೌವೆನ್‌ಬರ್ಗ್ ಪ್ರೊವಾಕ್ಸ್ ಎಂಬುದನ್ನು ಲೋಕದ ಮುಂದಿಟ್ಟರು. ಈಗ ಹೆಚ್ಚಾಗಿ ಬಳಕೆಯಲ್ಲಿರುವವು ಈ ವಂಶದವೇ. ಡಾಕ್ಟರರು ಇದನ್ನು ವಾಯ್ಸ್ ಪ್ರಾಸ್ಥೆಸಿಸ್ ಎನ್ನುತ್ತಾರೆ. ಹಾಕಿಸಿಕೊಂಡವರು ವಾಲ್ವ್ ಎನ್ನುತ್ತಾರೆ.

ಪುಸ್ತಕಗಳಲ್ಲಿ ಚರಿತ್ರೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಕವಾಟ ಹಾಕಿದರು, ಮಾತು ಬಂತು, ಶುಭಂ. ನಿಜವಾದ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ ಎಂಬುದನ್ನು ನನಗೆ ಕಲಿಸಿದವರು ದಡ್ಡಿಯ ಕಡೆಯ ಒಬ್ಬ ಹಿರಿಯರು. ಘಟಪ್ರಭೆ ಸಹ್ಯಾದ್ರಿಯಿಂದ ಇಳಿದು ಕರ್ನಾಟಕವನ್ನು ಹೊಗುವ ತಾಣಕ್ಕೆ ಸಮೀಪದ ಊರು ದಡ್ಡಿ. ಮೋಹನಗಾ ದಡ್ಡಿಯ ಭಾವಕೇಶ್ವರಿ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಈ ಹಿರಿಯರು ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ರಾತ್ರಿ ಭಜನೆಯ ಮೇಳದಲ್ಲಿ ಮೊದಲ ದನಿಯವರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಶಸ್ತ್ರಕ್ರಿಯೆಯ ಮೇಲೆ ಕವಾಟದಿಂದ ಮಾತು ಮರಳಿತು. ಮುಂಚಿನ ಕಂಚಿನ ಕಂಠವಲ್ಲ, ಆದರೆ ತಿಳಿಯುವ, ಅವರದೇ ಎನ್ನಬಹುದಾದ ಮಾತು. ಕೆಲವು ತಿಂಗಳ ಮೇಲೆ ನಾನು ಹೋದಾಗ ಮನೆಯವರು ಚಹಾ ತಂದಿಟ್ಟರೆ ಕಾಕಾ ಬಟ್ಟಲನ್ನು ಮುಟ್ಟಲಿಲ್ಲ. ‘ಚಾ ಕುಡದರ ಕೆಮ್ಮ ಬರತೈತ್ರಿ ಸರ. ರೊಟ್ಟಿ ಇಳೀತೈತಿ, ನೀರ ಇಳ್ಯಾಂಗಿಲ್ಲ’ ಎಂದರು, ಬೆರಳಿನಿಂದ ಕುತ್ತಿಗೆಯನ್ನು ಒತ್ತಿಕೊಂಡು.

ಕವಾಟ ಸೋರುತ್ತಿತ್ತು. ಸೋರುವಿಕೆಯಲ್ಲಿ ಎರಡು ಬಗೆ. ಇವೆರಡರ ಭೇದ ತಿಳಿಯದೆ ಚಿಕಿತ್ಸೆಯಿಲ್ಲ. ಒಂದು, ಕವಾಟದ ಒಳಗಿನಿಂದಲೇ ಸೋರುವುದು. ಸಿಲಿಕೋನ್ ಎಷ್ಟೇ ನಯವಾಗಿದ್ದರೂ ಬಾಯಿ ಗಂಟಲುಗಳಲ್ಲಿ ಸಹಜವಾಗಿ ಇರುವ ಕ್ಯಾಂಡಿಡಾ ಎಂಬ ಬೂಷ್ಟು ಅದರ ಮೇಲೆ ಪಾಚಿಯಂತೆ ಕಟ್ಟುತ್ತದೆ, ಕೊರೆಯುತ್ತದೆ. ಕದವು ಸರಿಯಾಗಿ ಮುಚ್ಚಿಕೊಳ್ಳದೆ ತೆಳುವಾದ ನೀರು, ಚಹಾ ಮೊದಲು ನುಸುಳುತ್ತವೆ. ಸಣ್ಣ ಬ್ರಷ್ಷಿನಿಂದ ದಿನಕ್ಕೆರಡು ಸಲ ಒಳಗನ್ನು ಉಜ್ಜಬೇಕು. ಬೂಷ್ಟು ಹಿಡಿದರೆ ನಿಸ್ಟಾಟಿನ್ ಎಂಬ ಔಷಧವುಂಟು. ಊಟದ ಹೊತ್ತಿಗೆ ಮಾತ್ರ ಕವಾಟಕ್ಕೆ ಸಿಕ್ಕಿಸುವ ಬಿರಡೆಯುಂಟು. ಯಾವುದಕ್ಕೂ ಬಗ್ಗದಿದ್ದರೆ ಕವಾಟವನ್ನೇ ಬದಲಾಯಿಸಬೇಕು. ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದರ ಆಯುಸ್ಸು ಸಾಮಾನ್ಯವಾಗಿ ಕೆಲವೇ ತಿಂಗಳು. ಕನ್ನಡಕದಂತೆ ಒಮ್ಮೆ ಕೊಂಡರೆ ಆಯಿತು ಎನ್ನುವಂಥದಲ್ಲ. ಎತ್ತಿನ ಕಾಲಿನ ಲಾಳದಂತೆ ಮತ್ತೆ ಮತ್ತೆ ಕಟ್ಟಿಸಬೇಕಾದದ್ದು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳದೆ ಇರಲಾರೆ. ದಿನವೂ ಮಜ್ಜಿಗೆ ಕುಡಿಯುವ ತಮ್ಮ ಕವಾಟಗಳು ಹೆಚ್ಚು ದಿನ ಬಾಳುತ್ತವೆ ಎಂದು ಹಾಲೆಂಡಿನ ರೋಗಿಗಳೇ ಹೇಳತೊಡಗಿದರು. ಗ್ರೋನಿಂಗೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಮಾತನ್ನು ನಕ್ಕು ಬಿಟ್ಟುಬಿಡಲಿಲ್ಲ. ಕೃತಕ ಗಂಟಲೊಂದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, ಕವಾಟಗಳ ಮೇಲೆ ಬೂಷ್ಟು ಬೆಳೆಸಿ, ಮಜ್ಜಿಗೆಯನ್ನು ಹರಿಸಿ ನೋಡಿದರು. 2000ದ ಸುಮಾರಿಗೆ ಬಂದ ಅವರ ಲೇಖನಗಳ ಪ್ರಕಾರ ಹುಳಿಹಾಲಿನ ಪದಾರ್ಥಗಳಲ್ಲಿರುವ ಜೀವಾಣುಗಳು ಬೂಷ್ಟನ್ನು ಹಿಮ್ಮೆಟ್ಟಿಸುತ್ತವೆ. ಪ್ರಯೋಗಶಾಲೆಯ ಫಲಿತಾಂಶ ಔಷಧದ ಬದಲಿಗೆ ಸಲ್ಲದು ಎಂಬುದು ನಿಜ. ಆದರೂ ಈ ಸುದ್ದಿಯನ್ನು ಹೇಳಿದಾಗ ಕಾಕಾ ಬಹಳ ಹೊತ್ತು ನಕ್ಕರು. ಗಂಟಲಿಲ್ಲದವರ ನಗುವಿಗೆ ಸದ್ದಿಲ್ಲ, ಭುಜಗಳು ಮಾತ್ರ ಕುಣಿಯುತ್ತವೆ. ‘ನುಚ್ಚು ಮಜ್ಜಿಗಿ ಉಂಡವರಿಗೆ ಹಾಲೆಂಡದವರು ಹೇಳಿ ಕೊಡಬೇಕೇನ್ರಿ?’ ಎಂದರು.

ಎರಡನೆಯ ಬಗೆ ಹೆಚ್ಚು ಕೆಡುಕಿನದು: ಕವಾಟದ ಸುತ್ತಲಿಂದ ಸೋರುವುದು. ಇಲ್ಲಿ ಕೆಟ್ಟಿರುವುದು ಕವಾಟವಲ್ಲ, ಗೋಡೆ. ವಿಕಿರಣ ಚಿಕಿತ್ಸೆಯಿಂದ ತೆಳುವಾದ ಮಾಂಸ, ಹೊಟ್ಟೆಯ ಆಮ್ಲ ಮೇಲೇರಿ ತಾಗುವುದು, ಪೌಷ್ಟಿಕ ಆಹಾರದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಕೆಲವೊಮ್ಮೆ ಮರಳಿ ಬಂದ ಅರ್ಬುದ, ಹೀಗೆ ಕಾರಣಗಳು ಹಲವು. ಅಳತೆಗಿಂತ ಉದ್ದವಾದ ಕವಾಟವೂ ಒಂದು ಕಾರಣವೇ. ಅದು ನುಂಗಿದಾಗಲೆಲ್ಲ ಹಿಂದೆ ಮುಂದೆ ಸರಿದಾಡಿ ತೂತನ್ನು ಅಗಲ ಮಾಡುತ್ತದೆ. ಗಿಡ್ಡ ಮಾಡಿದರೆ ಅದನ್ನು ಮಾಂಸವೇ ಮುಚ್ಚಿಕೊಂಡು ನುಂಗಿಬಿಡುತ್ತದೆ. ಆದ್ದರಿಂದ ಪ್ರತಿಸಲ ಬದಲಾಯಿಸುವಾಗಲೂ ಗೋಡೆಯ ದಪ್ಪವನ್ನು ಹೊಸದಾಗಿ ಅಳೆಯಬೇಕು. ಅಗಲವಾದ ತೂತಿಗೆ ಇನ್ನೂ ದಪ್ಪ ಕವಾಟವನ್ನು ತುರುಕುವುದು ಮೊದಲು ಎಲ್ಲರಿಗೂ ತೋಚುವ ಉಪಾಯ. ಅದರಿಂದ ತೂತು ಇನ್ನೂ ಹಿಗ್ಗುವುದೇ ಹೆಚ್ಚು. ಅಳತೆ ಸರಿಪಡಿಸಿ, ಅಗಲವಾದ ಅಂಚಿನ ಬಿಲ್ಲೆ ಇಟ್ಟು, ಆಮ್ಲಕ್ಕೆ ಔಷಧ ಕೊಟ್ಟು, ಕೆಲವು ಕಾಲ ಕವಾಟವನ್ನೇ ತೆಗೆದು ತೂತು ತಾನಾಗಿ ಕುಗ್ಗುವಂತೆ ಕಾದು, ಏನೂ ಆಗದಿದ್ದರೆ ಹೊಲಿದು ಮುಚ್ಚುವುದು ಈಗಿನ ಕ್ರಮ. ಉದಾಸೀನ ಮಾಡಿದರೆ ಅನ್ನನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಅರ್ಬುದವನ್ನು ಗೆದ್ದವರು ಒಂದು ಬಟ್ಟಲು ಚಹಕ್ಕೆ ಸೋಲುವುದೆಂದರೆ ಇದೇ.

ಇನ್ನೊಂದು ಅಪಾಯ, ಕವಾಟ ಕಳಚಿ ಬೀಳುವುದು. ಕಾಕಾ ಅವರಿಗೆ ಇದು ಒಂದು ರಾತ್ರಿ ಕೆಮ್ಮಿನಲ್ಲಿ ಆಯಿತು. ಕಳಚಿದ ಕೆಲವೇ ಗಂಟೆಗಳಲ್ಲಿ ತೂತು ಕಿರಿದಾಗತೊಡಗುತ್ತದೆ. ಅಷ್ಟರಲ್ಲಿ ಅದಕ್ಕೆ ಒಂದು ಮೆತ್ತನೆಯ ರಬ್ಬರಿನ ನಳಿಗೆಯನ್ನು ಇಳಿಸಿಟ್ಟರೆ ದಾರಿಯೂ ಉಳಿಯುತ್ತದೆ, ನೀರೂ ಸೋರುವುದಿಲ್ಲ. ಬಿದ್ದ ಕವಾಟ ಕೈಗೆ ಸಿಕ್ಕರೆ ಸರಿ. ಸಿಗದಿದ್ದರೆ ಅದು ಶ್ವಾಸನಾಳದೊಳಗೆ ಇಳಿದಿದೆಯೆಂದೇ ತಿಳಿದು ಎದೆಯ ಎಕ್ಸ್‌ರೇ ತೆಗೆಸಬೇಕು, ದುರ್ಬೀನು ಇಳಿಸಿ ನೋಡಬೇಕು. ಅವರು ಮೊದಲು ಹೋದ ದವಾಖಾನೆಯಲ್ಲಿದ್ದ ಎಳೆಯ ವೈದ್ಯರು ಇಂಥ ರೋಗಿಯನ್ನು ಕಂಡಿರಲಿಲ್ಲ. ಗಾಬರಿಯಿಂದ ಆಮ್ಲಜನಕದ ಮುಸುಕನ್ನು ಅವರ ಮೂಗಿಗೆ ಕಟ್ಟಿದರು. ಮೂಗಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇಲ್ಲದ ಮನುಷ್ಯನಿಗೆ! ಮಾತನಾಡಿ ತಿಳಿಸೋಣವೆಂದರೆ ಮಾತಿನ ಸಾಧನವೇ ಬಿದ್ದುಹೋಗಿದೆ. ಕಾಕಾ ಹಾಸಿಗೆಯ ಮಗ್ಗುಲಿನ ಗೋಡೆಯ ಮೇಲೆ ಬೆರಳಿನಿಂದ ಬರೆದು ತೋರಿಸಬೇಕಾಯಿತಂತೆ. ಬೆಳಗಾವಿ ತಲುಪುವ ಹೊತ್ತಿಗೆ ಬೆಳಗಾಗಿತ್ತು, ತೂತು ಮುಚ್ಚಿತ್ತು. ಮತ್ತೆ ಚುಚ್ಚಿಸಿಕೊಳ್ಳುವವರೆಗೆ ಆರು ವಾರ ಅವರು ಮಾತಿಲ್ಲದೆ ಉಳಿದರು. ಆಗಿನಿಂದ ಅವರ ಜೇಬಿನಲ್ಲಿ ‘ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ’ ಎಂದು ಕನ್ನಡ ಮರಾಠಿಗಳೆರಡರಲ್ಲೂ ಬರೆದ ಚೀಟಿ, ಒಂದು ರಬ್ಬರಿನ ನಳಿಗೆ ತಪ್ಪದೆ ಇರುತ್ತವೆ. ಚೀಟಿಯ ಕನ್ನಡ ನನ್ನದು.

ಮೂಗು ಮಾಡುತ್ತಿದ್ದ ಕೆಲಸವೂ ಸಣ್ಣದಲ್ಲ. ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಸೋಸಿ ಒಳಗೆ ಬಿಡುತ್ತಿದ್ದ ಅದು ತಪ್ಪಿಹೋದ ಮೇಲೆ ಕಫ ಗಟ್ಟಿಯಾಗಿ ಕವಾಟದ ಬಾಯಿಗೆ ಮೆತ್ತುತ್ತದೆ. ಪಶ್ಚಿಮ ದೇಶಗಳಲ್ಲಿ ರಂಧ್ರದ ಮೇಲೆ ತೇವ ಹಿಡಿಯುವ ಜಾಳಿಗೆಯ ಬಿಲ್ಲೆಗಳನ್ನು ಅಂಟಿಸುತ್ತಾರೆ. ನಮ್ಮಲ್ಲಿ ಹಸಿ ಮಾಡಿ ಹಿಂಡಿದ ಅರಿವೆಯನ್ನು ಕೊರಳಿಗೆ ಇಳಿಬಿಡುವುದೇ ರೂಢಿ. ಸುಗ್ಗಿಯ ರಾಶಿಯಲ್ಲಿ ನಿಲ್ಲುವಂತಿಲ್ಲ. ಭಂಡಾರ ಹಾರಿಸುವ ಜಾತ್ರೆಗಳಲ್ಲಿ ದೂರ ನಿಂತು ಕೈಮುಗಿಯಬೇಕು. ಹೊಳೆಯ ದಂಡೆಯ ಊರಿನಲ್ಲಿ ಹುಟ್ಟಿ ಈಜುತ್ತ ಬೆಳೆದವರು ಇನ್ನು ಎದೆಮಟ್ಟದ ನೀರಿಗೂ ಇಳಿಯುವಂತಿಲ್ಲ. ನೀರು ಕುತ್ತಿಗೆಯ ರಂಧ್ರಕ್ಕೆ ಮುಟ್ಟಿದರೆ ನೇರವಾಗಿ ಶ್ವಾಸಕೋಶಕ್ಕೆ.

ಬೆಲೆಯ ಮಾತಿಗೆ ಬರುತ್ತೇನೆ. ಪರದೇಶದ ಕವಾಟಕ್ಕೆ ನಮ್ಮಲ್ಲಿ 15,000ದಿಂದ 30,000 ರೂಪಾಯಿಗಳವರೆಗೆ ಬೀಳುತ್ತಿತ್ತು. ವರ್ಷಕ್ಕೆ ಒಂದಾದರೂ ಬೇಕು, ಎರಡೂ ಬೇಕಾಗಬಹುದು. ಕೊಳ್ಳಲಾರದವರು ಸೋರುವ ಕವಾಟವನ್ನೇ ಇಟ್ಟುಕೊಂಡು ಅನ್ನ ನೀರು ಕಡಿಮೆ ಮಾಡುತ್ತಿದ್ದರು. ಬೆಂಗಳೂರಿನ ಎಚ್.ಸಿ.ಜಿ. ಆಸ್ಪತ್ರೆಯ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಇಂಥ ಬಡ ರೋಗಿಗಳಿಗಾಗಿ ದಾನಿಗಳನ್ನು ಹುಡುಕುತ್ತಿದ್ದರು. ಪ್ರತಿಸಲ ಇತರರ ಮುಂದೆ ಕೈಯೊಡ್ಡುವ ಬದಲು ನೀವೇ ಏಕೆ ಒಂದನ್ನು ಮಾಡಬಾರದು ಎಂದು ಅವರ ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಕೇಳಿದರಂತೆ. ವೈದ್ಯರಿಗೆ ಯಂತ್ರವಿದ್ಯೆ ಗೊತ್ತಿಲ್ಲ, ಉದ್ಯಮಿಗೆ ಗಂಟಲು ಗೊತ್ತಿಲ್ಲ. ಇಬ್ಬರೂ ಕೂಡಿ ಸುಮಾರು ಎರಡು ವರ್ಷ ದುಡಿದು ಸಿಲಿಕೋನಿನ ಕವಾಟವೊಂದನ್ನು ರೂಪಿಸಿದರು. 2015–16ರ ಹೊತ್ತಿಗೆ ಪತ್ರಿಕೆಗಳಲ್ಲಿ ಸುದ್ದಿಯಾದ ಅದರ ಹೆಸರು ಓಂ ವಾಯ್ಸ್ ಪ್ರಾಸ್ಥೆಸಿಸ್. ಅವರು ಗೊತ್ತುಪಡಿಸಿದ ಬೆಲೆ 50 ರೂಪಾಯಿ. ಕೇಶಿರಾಜನಿಗೆ ಈ ಹೆಸರು ಒಪ್ಪಿಗೆಯಾಗುತ್ತಿತ್ತೆಂದು ನನಗನ್ನಿಸುತ್ತದೆ. ಬಿಲ್‌ರೋಥನಿಂದ ಹಿಲ್ಗರ್ಸನವರೆಗೆ ಎಲ್ಲರೂ ಕವಾಟ ಹೇಗಿರಬೇಕೆಂದು ಯೋಚಿಸಿದರು. ಅದು ಯಾರಿಗೆ ಎಟುಕಬೇಕೆಂಬ ಪ್ರಶ್ನೆಯನ್ನು ಬೆಂಗಳೂರಿನ ಈ ಇಬ್ಬರು ಮುಂದಿಟ್ಟರು. ಈ ಚರಿತ್ರೆಯಲ್ಲಿ ಇದನ್ನು ನಾನು ಇಂಡಿಯಾನಾಪೊಲಿಸಿನ ಲೇಖನಕ್ಕೆ ಸಮನಾದ ಮಜಲೆಂದು ಎಣಿಸುತ್ತೇನೆ.

ಆದರೆ 50 ರೂಪಾಯಿಯ ಕವಾಟವನ್ನು ಬದಲಾಯಿಸಿಕೊಳ್ಳಲು 500 ಕಿಲೋಮೀಟರು ಹೋಗಬೇಕಾದರೆ ಅದರ ಬೆಲೆ 50 ರೂಪಾಯಿ ಆಗುವುದಿಲ್ಲ. ಒಂದು ಕಾಲಕ್ಕೆ ನಮ್ಮ ಕಡೆಯವರಿಗೆ ದೊಡ್ಡ ರೋಗವೆಂದರೆ ಮಿರಜಿ ದವಾಖಾನೆ, ಅದಕ್ಕೂ ಮೀರಿದರೆ ಮುಂಬಯಿಯ ಟಾಟಾ ಆಸ್ಪತ್ರೆ. ಆಮೇಲೆ ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳು ಬಂದವು. ಶಸ್ತ್ರಕ್ರಿಯೆ ಹತ್ತಿರವಾಯಿತು, ಅದರ ಮುಂದಿನ ದಿನನಿತ್ಯದ ಆರೈಕೆ ಹತ್ತಿರವಾಗಿಲ್ಲ. ಕವಾಟ ಬದಲಾಯಿಸುವುದು ನುರಿತ ಕೈಗೆ ಕೆಲವೇ ನಿಮಿಷಗಳ ಕೆಲಸ. ಹಲವು ದೇಶಗಳಲ್ಲಿ ಮಾತು ಕಲಿಸುವ ತಜ್ಞರೂ ತರಬೇತಾದ ದಾದಿಯರೂ ಇದನ್ನು ಮಾಡುತ್ತಾರೆ. ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ಹಳ್ಳಿಹಳ್ಳಿಗೆ ತಂತಿ ಎಳೆದ ಜನ ನಾವು. ತಂತಿ ಕಡಿದರೆ ಕೂಡಿಸಲು ಕಂಬ ಹತ್ತುವವನು ತಾಲೂಕಿನಲ್ಲಿಯೇ ಇರಬೇಕೆಂದು ಆಗಲೇ ಅರಿತಿದ್ದೆವು. ತಾಲೂಕು ಆಸ್ಪತ್ರೆಯ ಕಪಾಟಿನಲ್ಲಿ ನಾಲ್ಕು ಅಳತೆಯ ಕವಾಟ, ಹತ್ತು ರಬ್ಬರಿನ ನಳಿಗೆ, ಕಲಿತ ಒಬ್ಬ ದಾದಿ, ಇಷ್ಟಿದ್ದರೆ ಕಾಕಾ ಅವರ ಆ ಆರು ವಾರ ಉಳಿಯುತ್ತಿದ್ದವು. ಇದು ನನ್ನ ಅಭಿಪ್ರಾಯ. ವೈದ್ಯರು ಇದಕ್ಕೆ ಏನೆನ್ನುತ್ತಾರೋ ಕೇಳಲು ನಾನು ಸಿದ್ಧನಿದ್ದೇನೆ.

ಕಡೆಗೆ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಕವಾಟದ ದನಿಯಲ್ಲಿ ಕೆಲವು ಅಕ್ಷರಗಳು ಕಲಸುತ್ತವೆ. ಕಕಾರ ಗಕಾರಗಳ, ಪಕಾರ ಬಕಾರಗಳ ಭೇದ ನಿಲ್ಲುವುದು ಧ್ವನಿತಂತುಗಳು ಯಾವಾಗ ನಡುಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ಹತೋಟಿಯ ಮೇಲೆ. ತಂತುಗಳೇ ಇಲ್ಲದಾಗ ‘ಕಾಲು’ ಕೆಲವೊಮ್ಮೆ ‘ಗಾಲು’ ಎಂದು ಕೇಳುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಹಕಾರ, ಏಕೆಂದರೆ ಅದು ಹುಟ್ಟುವ ಸ್ಥಾನವೇ ಧ್ವನಿಪೆಟ್ಟಿಗೆ. ಹಾಲು ‘ಆಲು’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ಪಂಪನ ಕಾಲದ ಕನ್ನಡದಲ್ಲಿ ಈ ಮಾತುಗಳು ಪಾಲ್, ಪೂ ಎಂದಿದ್ದವು. ಪಕಾರ ಹಕಾರವಾದದ್ದು ಆಮೇಲಿನ ಶತಮಾನಗಳಲ್ಲಿ. ಪಕಾರ ಹುಟ್ಟುವುದು ತುಟಿಯಲ್ಲಿ, ಅದಕ್ಕೆ ಗಂಟಲಿನ ಹಂಗಿಲ್ಲ. ಹೀಗೆಂದು ಕಾಕಾ ಅವರಿಗೆ ವಿವರಿಸಿದಾಗ ಅವರು ಒಂದು ದಿನ ಪೂರ್ತಿ ಮನೆಯವರೊಡನೆ ಪಾಲು, ಪೂವು, ಪಾವು ಎಂದೇ ಮಾತನಾಡಿ ನೋಡಿದರಂತೆ. ಮೊಮ್ಮಗಳಿಗೆ ಮಾತ್ರ ಇದು ಹಿಡಿಸಲಿಲ್ಲ. ‘ಅಜ್ಜಾ, ಆಲು ಅನ್ನು, ನಂಗ ತಿಳೀತೈತಿ’ ಎಂದಳಂತೆ.